ಸುಟ್ಟ ಹುಲ್ಲಿನ ಮೇಲೆ ಎರಡು ಮೊಟ್ಟೆ

ಆಫ್ರಿಕಾದ ಹುಲ್ಲುಗಾವಲು ಎಂದ ಕೂಡಲೇ ನಿಮ್ಮ ಮನಸ್ಸಿಗೆ ಬರುವುದು ಸಿಂಹ, ಜೀಬ್ರಾ, ನದಿ ದಾಟುವ ವೈಲ್ಡ್‌ಬೀಸ್ಟ್‌ಗಳ ಹಿಂಡು. ಇವತ್ತು ಅವುಗಳನ್ನೆಲ್ಲ ಪಕ್ಕಕ್ಕಿಡೋಣ. ಅದೇ ನೆಲದ ಮೇಲೆ, ಅವುಗಳ ಕಾಲಬುಡದಲ್ಲೇ ಓಡಾಡುವ, ಸುಮಾರು 20 ಸೆಂಟಿಮೀಟರ್ ಉದ್ದದ ಒಂದು ಹಕ್ಕಿಯ ಬಗ್ಗೆ ನಾನು ಮಾತನಾಡಬೇಕು. ಅದರ ಹೆಸರು ಟೆಮ್ಮಿಂಕ್ಸ್ ಕೋರ್ಸರ್. ಸಹಾರಾ ಮರುಭೂಮಿಯಿಂದ ದಕ್ಷಿಣಕ್ಕೆ, ಸೆನೆಗಲ್‌ನಿಂದ ಇಥಿಯೋಪಿಯಾವರೆಗೆ, ಅಲ್ಲಿಂದ ಕೆಳಗೆ ದಕ್ಷಿಣ ಆಫ್ರಿಕಾದವರೆಗೆ, ಗಿಡ್ಡ ಹುಲ್ಲಿನ ಬಯಲು ಇರುವಲ್ಲೆಲ್ಲ ಇದು ಅಲೆಯುತ್ತದೆ.

ನೆತ್ತಿ ಇಟ್ಟಿಗೆಯ ಬಣ್ಣ. ಕಣ್ಣಿನ ಹಿಂದಿನಿಂದ ಒಂದು ಬಿಳಿ ಗೆರೆ, ಅದರ ಕೆಳಗೆ ಒಂದು ಕಪ್ಪು ಗೆರೆ ಹೊರಟು ಎರಡೂ ಕತ್ತಿನ ಹಿಂಭಾಗದಲ್ಲಿ ಸೇರುತ್ತವೆ. ಬೆನ್ನು ಧೂಳಿನ ಕಂದು. ಹೊಟ್ಟೆಯ ನಡುವೆ ಕಪ್ಪು ಮಚ್ಚೆ. ಕಾಲುಗಳು ಉದ್ದ, ಬೆಳ್ಳಗೆ. ಬೆರಳು ಮೂರೇ, ಮೂರೂ ಮುಂದಕ್ಕೆ, ಹಿಂಬೆರಳು ಇಲ್ಲ. ಕೊಂಬೆಯನ್ನು ಹಿಡಿದು ಕೂರುವ ಅಗತ್ಯ ಈ ಹಕ್ಕಿಗೆ ಇಲ್ಲ, ಅದರ ಬದುಕೆಲ್ಲ ನೆಲದ ಮೇಲೆಯೇ. ನಾಲ್ಕು ಹೆಜ್ಜೆ ಸರಸರನೆ ಓಡುತ್ತದೆ, ಥಟ್ಟನೆ ನಿಂತು ಮೈ ನೆಟ್ಟಗೆ ಮಾಡಿ ಸುತ್ತ ನೋಡುತ್ತದೆ, ಬಾಗಿ ಒಂದು ಗೆದ್ದಲನ್ನೋ ಜೀರುಂಡೆಯನ್ನೋ ಹೆಕ್ಕುತ್ತದೆ, ಮತ್ತೆ ಓಡುತ್ತದೆ. ಓಡುವಾಗ ನಿಮಗೆ ಚೆನ್ನಾಗಿ ಕಾಣುತ್ತದೆ. ನಿಂತು, ಬೆನ್ನು ನಿಮ್ಮ ಕಡೆಗೆ ತಿರುಗಿಸಿ, ಕುಕ್ಕರಿಸಿದರೆ ಅಲ್ಲಿಗೆ ಮುಗಿಯಿತು. ಹೊಟ್ಟೆಯ ಕಪ್ಪು, ಕಾಲಿನ ಬಿಳುಪು ಎರಡೂ ಮೈಯಡಿಗೆ ಹೋಗಿ, ಮಣ್ಣಿನ ಬಣ್ಣದ ಬೆನ್ನು ಮಾತ್ರ ಉಳಿಯುತ್ತದೆ.

ಈ ಹಕ್ಕಿಯನ್ನೇ ನಾನು ಆರಿಸಿಕೊಂಡದ್ದಕ್ಕೆ ಕಾರಣ ಅದರ ಮೈಬಣ್ಣವಲ್ಲ, ಅದು ಮೊಟ್ಟೆ ಇಡುವ ಜಾಗ. ಜಗತ್ತಿನಲ್ಲಿ ಪ್ರತಿ ವರ್ಷ ಬೆಂಕಿಗೆ ಸಿಗುವ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕಾ ಖಂಡದ್ದು, ಅದರಲ್ಲಿ ಬಹುಪಾಲು ಹುಲ್ಲುಗಾವಲು. ನಾವು ಬೆಂಕಿ ಎಂದರೆ ಕಾಡಿನ ಸಾವು ಎಂದುಕೊಳ್ಳುತ್ತೇವೆ. ಹುಲ್ಲಿನ ಲೆಕ್ಕ ಬೇರೆ. ಹುಲ್ಲಿನ ಜೀವ ಬುಡದಲ್ಲಿರುತ್ತದೆ. ಮೇಲಿನ ಒಣ ಎಲೆ ಉರಿದು ಹೋದ ಸ್ವಲ್ಪ ದಿನಕ್ಕೆ ಬುಡದಿಂದ ಹಸಿರು ಚಿಗುರು ಏಳುತ್ತದೆ, ಜಿಂಕೆಗಳು ಅದನ್ನು ಹುಡುಕಿಕೊಂಡು ಬರುತ್ತವೆ. ಹಾಗೆ ಸುಟ್ಟ, ಇನ್ನೂ ಕರಿ ಅಂಟಿಕೊಂಡಿರುವ ಬಯಲಿಗೆ ಟೆಮ್ಮಿಂಕ್ಸ್ ಕೋರ್ಸರ್ ಬರುತ್ತದೆ. ಹುಲ್ಲು ಇಲ್ಲದ್ದರಿಂದ ಹುಳು ಸುಲಭವಾಗಿ ಕಾಣುತ್ತದೆ. ದೂರದಿಂದ ಬರುವ ಶತ್ರುವೂ ಕಾಣುತ್ತಾನೆ. ಅಲ್ಲೇ, ಗೂಡು ಎಂದು ಹೇಳಲು ಏನೂ ಇಲ್ಲದ ಬರಿ ನೆಲದ ಮೇಲೆ, ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳ ಮೇಲೆ ಕಪ್ಪು ಗೀರುಗಳು ಎಷ್ಟು ದಟ್ಟವಾಗಿರುತ್ತವೆ ಎಂದರೆ ಕೆಳಗಿನ ಬಣ್ಣ ಅಲ್ಲಲ್ಲಿ ಮಾತ್ರ ಇಣುಕುತ್ತದೆ. ಸುತ್ತಲೂ ಸುಟ್ಟ ಹುಲ್ಲಿನ ಬುಡ, ಜಿಂಕೆಯ ಹಿಕ್ಕೆ, ಬೂದಿ. ಅವುಗಳ ನಡುವೆ ಎರಡು ಕರಿ ಉಂಡೆಗಳು.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ಬೆಂಕಿ ಪ್ರತಿ ವರ್ಷ ಒಂದೇ ಜಾಗದಲ್ಲಿ ಬೀಳುವುದಿಲ್ಲ. ಈ ವರ್ಷ ಕರಿ ಇದ್ದ ಬಯಲು ಮುಂದಿನ ವರ್ಷ ಹೊಂಬಣ್ಣದ ಹುಲ್ಲಾಗಿರುತ್ತದೆ. ಹಕ್ಕಿಯ ಮೊಟ್ಟೆಯ ಬಣ್ಣವಾದರೋ ಅದರ ಹುಟ್ಟಿನೊಂದಿಗೆ ಬಂದದ್ದು, ಬೇಕೆಂದಾಗ ಬದಲಾಯಿಸಲು ಆಗದು. ಹಾಗಾದರೆ ಮೊಟ್ಟೆ ನೆಲಕ್ಕೆ ಹೊಂದುವುದು ಯಾರ ಕೆಲಸ? ಮೊಟ್ಟೆಯದ್ದೇ, ನೆಲದ್ದೇ, ಅಥವಾ ಎರಡನ್ನೂ ನೋಡಿ ಜಾಗ ಆರಿಸುವ ಹಕ್ಕಿಯದ್ದೇ? ನಾನು ಈ ಸಂಜೆ ಹೇಳಬೇಕೆಂದಿರುವುದೆಲ್ಲ ಈ ಮೂರನೆಯ ಸಾಧ್ಯತೆಯ ಸುತ್ತ ಇದೆ. ಅಡಗುವುದು ಗರಿಯಲ್ಲಿರುವ ಗುಣ ಎಂದು ನಾವು ಓದಿಕೊಂಡು ಬಂದಿದ್ದೇವೆ. ಅದರಲ್ಲಿ ಅರ್ಧದಷ್ಟಾದರೂ ಹಕ್ಕಿಯ ತೀರ್ಮಾನ: ಎಲ್ಲಿ ಕೂರಬೇಕು, ಎಷ್ಟು ಹೊತ್ತು ಕದಲದೆ ಇರಬೇಕು, ಯಾವಾಗ ಎದ್ದು ಓಡಬೇಕು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1896ರಲ್ಲಿ ಅಬ್ಬಟ್ ಥೇಯರ್ ಎಂಬ ಅಮೆರಿಕದ ಚಿತ್ರಕಲಾವಿದರು ಒಂದು ಒಳ್ಳೆಯ ವಿಷಯವನ್ನು ಗುರುತಿಸಿದರು. ಬಹಳಷ್ಟು ಪ್ರಾಣಿಗಳ ಬೆನ್ನು ಗಾಢ, ಹೊಟ್ಟೆ ತಿಳಿ. ಬಿಸಿಲು ಮೇಲಿನಿಂದ ಬೀಳುವುದರಿಂದ ಬೆನ್ನು ಹೊಳೆಯುತ್ತದೆ, ಹೊಟ್ಟೆ ನೆರಳಾಗುತ್ತದೆ. ಬಣ್ಣ ಅದಕ್ಕೆ ತಿರುಗುಮುರುಗಾಗಿ ಇರುವುದರಿಂದ ಎರಡೂ ಸರಿದೂಗಿ ದೇಹದ ದುಂಡು ಮಾಯವಾಗುತ್ತದೆ. ನೆರಳು ಬೆಳಕಿನ ಆಟವನ್ನು ದಿನವೂ ಕುಂಚದಲ್ಲಿ ಹಿಡಿಯುವ ಕಲಾವಿದನಿಗೆ ಇದು ಹೊಳೆದದ್ದು ಸಹಜವೇ. ಆದರೆ ಥೇಯರ್ ಅಲ್ಲಿಗೆ ನಿಲ್ಲಲಿಲ್ಲ. ಎಲ್ಲ ಪ್ರಾಣಿಗಳ ಎಲ್ಲ ಬಣ್ಣಗಳೂ ಅಡಗುವುದಕ್ಕೇ ಇವೆ ಎಂದು ವಾದಿಸಿದರು. ಫ್ಲೆಮಿಂಗೊಗಳ ಗುಲಾಬಿ ಬಣ್ಣ ಮುಂಜಾನೆ ಮತ್ತು ಸಂಜೆಯ ಆಕಾಶಕ್ಕೆ ಹೊಂದಲು ಬಂದದ್ದು ಎಂದರು!

ಇದನ್ನು ಕೇಳಿ ಸಿಟ್ಟಾದವರು ಥಿಯೋಡರ್ ರೂಸ್‌ವೆಲ್ಟ್. ಅಮೆರಿಕದ ಅಧ್ಯಕ್ಷ ಸ್ಥಾನದಿಂದ ಇಳಿದ ಮೇಲೆ 1909ರಲ್ಲಿ ಅವರು ಪೂರ್ವ ಆಫ್ರಿಕಾಕ್ಕೆ ಹೋಗಿ ತಿಂಗಳುಗಟ್ಟಲೆ ಅಲ್ಲಿನ ಬಯಲುಗಳಲ್ಲಿ ಬೇಟೆಯಾಡಿದ್ದರು. 1911ರಲ್ಲಿ ನೂರಕ್ಕೂ ಹೆಚ್ಚು ಪುಟಗಳ ಲೇಖನ ಬರೆದು ಥೇಯರ್ ಅವರ ವಾದವನ್ನು ಅಲ್ಲಗಳೆದರು. ಬಯಲಿನ ದೊಡ್ಡ ಪ್ರಾಣಿಗಳು ಮೈಲಿ ದೂರಕ್ಕೂ ಎದ್ದು ಕಾಣುತ್ತವೆ, ಅವು ಅಡಗಲು ಪ್ರಯತ್ನಿಸುವುದೂ ಇಲ್ಲ ಎಂಬುದು ಅವರ ವಾದದ ತಿರುಳು. ಬೇಟೆಗಾರರ ಹೆಮ್ಮೆ ಆ ಬರಹದಲ್ಲಿ ಇದೆ, ಅದು ನನಗೆ ಹಿಡಿಸುವುದಿಲ್ಲ. ಆದರೂ ಒಂದು ಮಾತಿನಲ್ಲಿ ಅವರು ಸರಿ: ಪ್ರಾಣಿ ಏನು ಮಾಡುತ್ತದೆ ಎಂಬುದನ್ನು ಬಿಟ್ಟು ಅದರ ಬಣ್ಣವನ್ನು ಮಾತ್ರ ನೋಡಿದರೆ ಅರ್ಥವಾಗುವುದಿಲ್ಲ. ಇಬ್ಬರೂ ಬಿಟ್ಟ ಇನ್ನೊಂದು ಅಂಶವಿದೆ. ಅವರಿಬ್ಬರೂ ಮನುಷ್ಯನ ಕಣ್ಣಿನಿಂದ ನೋಡುತ್ತಿದ್ದರು. ಮೊಟ್ಟೆ ಕದಿಯುವುದು ಮನುಷ್ಯನೊಬ್ಬನೇ ಅಲ್ಲವಲ್ಲ.

ಇದನ್ನು ಅಳೆದು ನೋಡಿದ ಕೆಲಸ ನಡೆದದ್ದು ತೀರ ಇತ್ತೀಚೆಗೆ, ದಕ್ಷಿಣ ಜಾಂಬಿಯಾದ ಚೋಮಾ ಪಟ್ಟಣದ ಸುತ್ತಲಿನ ಹೊಲ, ಹುಲ್ಲು, ಕುರುಚಲು ಕಾಡುಗಳಲ್ಲಿ. ಕ್ಲೇರ್ ಸ್ಪಾಟಿಸ್‌ವುಡ್, ಮಾರ್ಟಿನ್ ಸ್ಟೀವನ್ಸ್, ಜೋಲಿಯನ್ ಟ್ರೋಷಾಂಕೊ, ಜ್ಯಾರೆಡ್ ವಿಲ್ಸನ್ ಅಗರ್ವಾಲ್ ಮುಖ್ಯ ಸಂಶೋಧಕರು. ಆದರೆ ಗೂಡು ಹುಡುಕದೆ ಸಂಶೋಧನೆ ಎಲ್ಲಿಂದ? ಹುಡುಕುವ ಕೆಲಸದಲ್ಲಿ ಆ ಸೀಮೆಯ ಹಳ್ಳಿಯವರ ಪಾಲು ದೊಡ್ಡದು. ಯಾವುದನ್ನು ಕಾಣದಂತೆ ಲಕ್ಷಾಂತರ ವರ್ಷಗಳಲ್ಲಿ ಪ್ರಕೃತಿ ತಿದ್ದಿದೆಯೋ ಅದನ್ನು ಕಾಣಬಲ್ಲ ಕಣ್ಣುಗಳು ಅವು. ವಿಜ್ಞಾನದ ವರದಿಗಳಲ್ಲಿ ಇಂಥವರಿಗೆ ಒಂದು ಸಾಲಿನ ಕೃತಜ್ಞತೆ ಸಿಗುತ್ತದೆ. ನನ್ನ ಪ್ರಕಾರ ಅದು ಬಹಳ ಕಡಿಮೆ.

ಅವರು ಅಧ್ಯಯನ ಮಾಡಿದ್ದು ನೆಲದ ಮೇಲೆ ಮೊಟ್ಟೆ ಇಡುವ ಒಂಬತ್ತು ಜಾತಿಯ ಹಕ್ಕಿಗಳನ್ನು. ಮೂರು ಗುಂಪು: ಕೋರ್ಸರ್‌ಗಳು, ಟಿಟ್ಟಿಭದ ಬಳಗದ ಪ್ಲೋವರ್‌ಗಳು, ಮತ್ತು ನಾವು ನತ್ತಿಂಗ ಎನ್ನುವ ನೈಟ್‌ಜಾರ್‌ಗಳು. ಪ್ರತಿ ಗೂಡಿನಲ್ಲೂ ಮೊಟ್ಟೆಯ, ಸುತ್ತಲಿನ ನೆಲದ, ನತ್ತಿಂಗಗಳಾದರೆ ಕಾವು ಕೂತ ಹಕ್ಕಿಯ ಚಿತ್ರ ತೆಗೆದರು. ನಮಗೆ ಕಾಣದ ಅತಿನೇರಳೆ ಬೆಳಕನ್ನೂ ಹಿಡಿಯುವ ಕ್ಯಾಮೆರಾ ಬಳಸಿದರು, ಏಕೆಂದರೆ ಹಕ್ಕಿಗಳ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ನಾಲ್ಕು ಬಗೆ. ನಮ್ಮಲ್ಲಿ, ಕೋತಿಗಳಲ್ಲಿ ಮೂರು ಬಗೆ. ಮುಂಗುಸಿಯಲ್ಲಿ ಎರಡೇ. ಮೊಟ್ಟೆ ಕದಿಯುವವರಲ್ಲಿ ಈ ಮೂವರೂ ಇದ್ದಾರೆ. ಹಾಗಾಗಿ ಒಂದೇ ಚಿತ್ರವನ್ನು ಮೂರು ಕಣ್ಣುಗಳಿಂದ ಲೆಕ್ಕ ಹಾಕಿ, ಯಾರಿಗೆ ಎಷ್ಟು ಎದ್ದು ಕಾಣುತ್ತದೆ ಎಂದು ಅಳೆದರು. ಆಮೇಲೆ ಯಾವ ಗೂಡು ಉಳಿಯಿತು, ಯಾವುದು ಹೋಯಿತು ಎಂದು ಕಾದು ನೋಡಿದರು.

2016ರಲ್ಲಿ ಪ್ರಕಟವಾದ ಫಲಿತಾಂಶವನ್ನು ನಿಧಾನವಾಗಿ ಹೇಳುತ್ತೇನೆ. ಕೋರ್ಸರ್ ಮತ್ತು ಪ್ಲೋವರ್‌ಗಳಲ್ಲಿ, ಮೊಟ್ಟೆಯ ಮೇಲಿನ ಗಾಢ ಮತ್ತು ತಿಳಿ ಬಣ್ಣಗಳ ಏರಿಳಿತ ಸುತ್ತಲಿನ ನೆಲದ ಏರಿಳಿತಕ್ಕೆ ಎಷ್ಟು ಹತ್ತಿರವೋ ಮೊಟ್ಟೆ ಉಳಿಯುವ ಸಾಧ್ಯತೆ ಅಷ್ಟು ಹೆಚ್ಚು. ನತ್ತಿಂಗಗಳಲ್ಲಿ ಹಾಗಲ್ಲ. ಅಲ್ಲಿ ಮೊಟ್ಟೆಯ ಬಣ್ಣ ಲೆಕ್ಕಕ್ಕೆ ಬರಲಿಲ್ಲ. ಕೂತ ತಾಯಿ ಅಥವಾ ತಂದೆಯ ಗರಿಯ ಚಿತ್ತಾರ ನೆಲಕ್ಕೆ ಎಷ್ಟು ಹೊಂದುತ್ತದೆ ಎಂಬುದೇ ಮೊಟ್ಟೆಗಳ ಗತಿಯನ್ನು ತೀರ್ಮಾನಿಸಿತು. ಏಕೆ ಎಂದು ನೀವೇ ಊಹಿಸಬಹುದು. ಕೋರ್ಸರ್ ಶತ್ರುವನ್ನು ದೂರದಲ್ಲೇ ಕಂಡು ಸದ್ದಿಲ್ಲದೆ ಎದ್ದು ಓಡಿಬಿಡುತ್ತದೆ. ಆಗ ನೆಲದ ಮೇಲೆ ಉಳಿಯುವುದು ಬರಿ ಮೊಟ್ಟೆ, ಅದು ತನ್ನ ಬಣ್ಣವನ್ನೇ ನಂಬಿ ಬದುಕಬೇಕು. ನತ್ತಿಂಗ ಕೊನೆಯ ಗಳಿಗೆಯವರೆಗೆ ಕದಲುವುದಿಲ್ಲ. ನಿಮ್ಮ ಪಾದ ಇನ್ನೇನು ತಗಲಬೇಕು ಎನ್ನುವಾಗ ಏಳುತ್ತದೆ. ಅಲ್ಲಿಯವರೆಗೂ ಅದರ ಮೈಯೇ ಮೊಟ್ಟೆಗೆ ಹೊದಿಕೆ.

ಅಂದರೆ ಎರಡು ಹಕ್ಕಿಗಳು ಎರಡು ಬೇರೆ ತೀರ್ಮಾನ ಮಾಡಿವೆ, ಬಣ್ಣ ಆ ತೀರ್ಮಾನವನ್ನು ಹಿಂಬಾಲಿಸಿದೆ. ಇದಕ್ಕಿಂತ ನನ್ನನ್ನು ಬೆರಗಾಗಿಸಿದ್ದು ಅದೇ ತಂಡ ಕಂಡುಕೊಂಡ ಇನ್ನೊಂದು ವಿಷಯ. ಒಂದೇ ಜಾತಿಯೊಳಗೂ ಹಕ್ಕಿಯಿಂದ ಹಕ್ಕಿಗೆ ವ್ಯತ್ಯಾಸವಿದೆ. ತನ್ನ ಮೊಟ್ಟೆಯ ಚಿತ್ತಾರ ನೆಲಕ್ಕೆ ಸರಿಯಾಗಿ ಹೊಂದದ ಕೋರ್ಸರ್, ಶತ್ರು ಇನ್ನೂ ದೂರ ಇರುವಾಗಲೇ ಎದ್ದು ಹೋಗುತ್ತದೆ. ಚೆನ್ನಾಗಿ ಹೊಂದಿದ್ದರೆ ಇನ್ನಷ್ಟು ಹೊತ್ತು ಕೂತಿರುತ್ತದೆ. ನತ್ತಿಂಗವೂ ಹಾಗೆಯೇ, ಆದರೆ ಅದು ನೋಡಿಕೊಳ್ಳುವುದು ಮೊಟ್ಟೆಯನ್ನಲ್ಲ, ತನ್ನ ಮೈಯನ್ನು. ತಾನು ಎಷ್ಟು ಕಾಣುತ್ತಿದ್ದೇನೆ ಎಂಬ ಅಂದಾಜು ಆ ಪುಟ್ಟ ತಲೆಯೊಳಗೆ ಯಾವುದೋ ರೂಪದಲ್ಲಿ ಇದೆ ಎಂದೇ ಇದರಿಂದ ತೋರುತ್ತದೆ.

2017ರಲ್ಲಿ ಅವರು ಮತ್ತೊಂದು ಹೆಜ್ಜೆ ಮುಂದೆ ಹೋದರು. ಪ್ರತಿ ಹಕ್ಕಿಯ ಮೊಟ್ಟೆಯನ್ನು, ನತ್ತಿಂಗಗಳಾದರೆ ಅವುಗಳ ಗರಿಯನ್ನು, ಅದು ಆರಿಸಿದ ನೆಲದೊಂದಿಗೆ ಮೊದಲು ಹೋಲಿಸಿದರು. ಆಮೇಲೆ ಅದರಿಂದ ಕೆಲವೇ ಸೆಂಟಿಮೀಟರ್ ಆಚೆಗಿನ ನೆಲದೊಂದಿಗೆ, ಐದು ಮೀಟರ್ ಆಚೆಗಿನ ನೆಲದೊಂದಿಗೆ, ಅದೇ ಜಾತಿಯ ಬೇರೆ ಹಕ್ಕಿಗಳು ಆರಿಸಿದ ಜಾಗಗಳೊಂದಿಗೆ. ಮೂರು ಹೋಲಿಕೆಯಲ್ಲೂ ಉತ್ತರ ಒಂದೇ. ಪ್ರತಿ ಹಕ್ಕಿ ತನಗೆ ಹೆಚ್ಚು ಹೊಂದುವ ನೆಲದ ಮೇಲೆಯೇ ಕೂತಿತ್ತು. ನೆರೆಯ ಹಕ್ಕಿಗೆ ಚೆನ್ನಾಗಿದ್ದ ಜಾಗ ಇದಕ್ಕೆ ಅಷ್ಟು ಚೆನ್ನಾಗಿರಲಿಲ್ಲ.

ಹಕ್ಕಿಗೆ ತನ್ನ ಮೊಟ್ಟೆಯ ಬಣ್ಣ ಇಡುವ ಮುನ್ನ ಹೇಗೆ ಗೊತ್ತಾಗುತ್ತದೆ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಒಂದೇ ಹೆಣ್ಣಿನ ಮೊಟ್ಟೆಗಳು ಒಂದರಂತೆ ಇನ್ನೊಂದು ಇರುವುದೇ ಹೆಚ್ಚು, ಹಾಗಾಗಿ ಹಿಂದೆ ಇಟ್ಟ ಮೊಟ್ಟೆಗಳಿಂದ ಅದಕ್ಕೆ ತಿಳಿದಿರಬಹುದು. ಜಪಾನಿ ಲಾವಕ್ಕಿಗಳ ಮೇಲೆ ಬ್ರಿಟನ್‌ನಲ್ಲಿ ನಡೆದ ಒಂದು ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಬಣ್ಣದ ಮರಳನ್ನು ಹಾಸಿ ಬಿಟ್ಟರೆ, ಪ್ರತಿ ಹೆಣ್ಣು ತನ್ನ ಮೊಟ್ಟೆ ಹೆಚ್ಚು ಮರೆಯಾಗುವ ಮರಳಿನ ಮೇಲೆ ಮೊಟ್ಟೆ ಇಟ್ಟಿತು. ಪಂಜರದೊಳಗಿನ ಸಾಕು ಹಕ್ಕಿಯಲ್ಲೂ ಈ ಜಾಣ್ಮೆ ಉಳಿದಿದೆ.

ಬಿಸಿಲಿನ ಮಾತನ್ನು ಬಿಟ್ಟರೆ ಈ ಕಥೆ ಅರ್ಧವೇ. ಬಯಲಿನಲ್ಲಿ ನೆರಳಿಲ್ಲ. ನಡುಮಧ್ಯಾಹ್ನ ಮೊಟ್ಟೆಯನ್ನು ಬಿಟ್ಟು ಎದ್ದರೆ ಒಳಗಿನ ಜೀವ ಬೆಂದುಹೋಗುತ್ತದೆ. ಕೂತಿದ್ದರೆ ಮುಂಗುಸಿಯ ಭಯ. ಜಾಂಬಿಯಾದಲ್ಲಿ ಕಂಡದ್ದು ಏನೆಂದರೆ ಮಧ್ಯಾಹ್ನದ ಹೊತ್ತು ಹಕ್ಕಿಗಳು ಶತ್ರುವನ್ನು ಹೆಚ್ಚು ಹತ್ತಿರಕ್ಕೆ ಬರಗೊಡುತ್ತವೆ. ಬೆಳಿಗ್ಗೆ ಬೇಗ ಎದ್ದು ಓಡುವ ಹಕ್ಕಿಯೇ ಹನ್ನೆರಡು ಗಂಟೆಗೆ ಗಟ್ಟಿಯಾಗಿ ಕೂರುತ್ತದೆ. ಆಫ್ರಿಕಾದ ದಕ್ಷಿಣ ಭಾಗದ ಕಲಹಾರಿ ಮರುಭೂಮಿಯಲ್ಲಿ ಟೆಮ್ಮಿಂಕ್ಸ್ ಕೋರ್ಸರ್‌ನ ಹತ್ತಿರದ ಬಂಧು ಡಬಲ್ ಬ್ಯಾಂಡೆಡ್ ಕೋರ್ಸರ್ ಇದೆ. 1960ರ ದಶಕದಲ್ಲಿ ಗಾರ್ಡನ್ ಮ್ಯಾಕ್ಲೀನ್ ಅದನ್ನು ಬಹಳ ತಾಳ್ಮೆಯಿಂದ ಗಮನಿಸಿದರು. ಅದು ಇಡುವುದು ಒಂದೇ ಮೊಟ್ಟೆ, ಹೆಚ್ಚಾಗಿ ಜಿಂಕೆಯ ಹಿಕ್ಕೆಗಳ ನಡುವೆ. ಬಿಸಿಲು ಏರಿದಾಗ ಆ ಹಕ್ಕಿ ಮಾಡುವುದು ಕಾವು ಕೊಡುವ ಕೆಲಸವಲ್ಲ, ಮೊಟ್ಟೆಗೆ ನೆರಳು ಕೊಡುವ ಕೆಲಸ. ಮೂರು ಪಟ್ಟೆಯ ಕೋರ್ಸರ್ ಎಂಬ ಇನ್ನೊಂದು ಜಾತಿ ಮೊಟ್ಟೆಗಳನ್ನು ಮಣ್ಣಿನಲ್ಲಿ ಅರ್ಧ ಹೂತು ಕೂರುತ್ತದೆ. ಕಿಟ್ಲಿಟ್ಸ್ ಪ್ಲೋವರ್ ಎಂಬ ಪುಟ್ಟ ಹಕ್ಕಿ ಅಪಾಯ ಕಂಡೊಡನೆ ಕಾಲಿನಿಂದ ಮಣ್ಣು ಚಿಮ್ಮಿ ಮೊಟ್ಟೆ ಮುಚ್ಚಿಯೇ ಹೊರಡುತ್ತದೆ.

ಇದೆಲ್ಲ ಕಣ್ಣಿಗೆ ಸಂಬಂಧಿಸಿದ್ದು. ರಾತ್ರಿ ಬರುವ ಶತ್ರು ಮೂಗಿನಿಂದ ಹುಡುಕುತ್ತದೆ, ಅದಕ್ಕೇನು ಮಾಡುವುದು ಎಂದು ಕೇಳುವವರಿಗೆ, ಅದೇ ಹುಲ್ಲಿನಲ್ಲಿ ಮಲಗುವ ಒಂದು ಹಾವಿನ ವಿಷಯ ಹೇಳುತ್ತೇನೆ. ಪಫ್ ಆ್ಯಡರ್ ಎಂಬ ದಪ್ಪ ಮಂಡಲದ ಹಾವು ಒಂದೇ ಕಡೆ ಗಂಟೆಗಟ್ಟಲೆ ಬಿದ್ದಿರುತ್ತದೆ. ದಕ್ಷಿಣ ಆಫ್ರಿಕಾದ ಸಂಶೋಧಕರು ತರಬೇತಿ ಪಡೆದ ನಾಯಿಗಳನ್ನೂ ಮುಂಗುಸಿಯ ಬಳಗದ ಮೀರ್‌ಕ್ಯಾಟ್‌ಗಳನ್ನೂ ಬಳಸಿ ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು: ಬೇರೆ ಹಾವುಗಳ ವಾಸನೆಯನ್ನು ಹಿಡಿದ ಆ ಮೂಗುಗಳು ಈ ಹಾವಿನ ವಾಸನೆ ಹಿಡಿಯಲು ಸೋತವು. ಉತ್ತರ ಧ್ರುವದ ಕಡೆ ನೆಲದ ಮೇಲೆ ಗೂಡು ಮಾಡುವ ರೆಡ್ ನಾಟ್ ಎಂಬ ಹಕ್ಕಿ ಕಾವು ಕೂರುವ ಕಾಲಕ್ಕೆ ತನ್ನ ಗರಿಗೆ ಹಚ್ಚಿಕೊಳ್ಳುವ ಎಣ್ಣೆಯ ರಾಸಾಯನಿಕ ಸ್ವರೂಪವನ್ನೇ ಬದಲಾಯಿಸುತ್ತದೆ. ಆ ಎಣ್ಣೆಯನ್ನು ಪತ್ತೆ ಮಾಡುವುದು ನಾಯಿಗೆ ಹೆಚ್ಚು ಕಷ್ಟ. ಅಡಗುವುದು ಕಣ್ಣಿನ ವಿಷಯ ಮಾತ್ರ ಎಂದು ನಾವು ಅಂದುಕೊಂಡಿರುವುದು ನಮ್ಮ ಮೂಗು ಮೊಂಡಾಗಿರುವುದರಿಂದ.

ಈ ಹಕ್ಕಿಗೂ ನಮಗೂ ಏನು ಸಂಬಂಧ ಎಂಬುದಕ್ಕೆ ಬರುತ್ತೇನೆ. ಸಂಬಂಧ ರಕ್ತದ್ದು. ಟೆಮ್ಮಿಂಕ್ಸ್ ಕೋರ್ಸರ್ ಸೇರಿರುವ ಕರ್ಸೋರಿಯಸ್ ಕುಲದಲ್ಲೇ ಇಂಡಿಯನ್ ಕೋರ್ಸರ್ ಇದೆ. ಉತ್ತರ ಕರ್ನಾಟಕದ ಒಣ ಬಯಲು, ಉತ್ತ ಹೊಲ, ಬೀಳು ಬಿಟ್ಟ ಜಮೀನುಗಳಲ್ಲಿ ಅದು ಇದೆ. ಅದೇ ನೆತ್ತಿ, ಅದೇ ಬಿಳಿ ಕಪ್ಪು ಗೆರೆ, ಅದೇ ಓಟ, ಅದೇ ಥಟ್ಟನೆ ನಿಲ್ಲುವಿಕೆ. ಇನ್ನೊಂದು ಬಂಧು ಹೆಚ್ಚು ದುರದೃಷ್ಟದ್ದು. ಮೂರು ಪಟ್ಟೆಯ ಕೋರ್ಸರ್ ಇರುವ ಆಫ್ರಿಕಾದ ಕುಲದ ಒಂದೇ ಒಂದು ಹಕ್ಕಿ ಭಾರತದಲ್ಲಿದೆ. ಅದು ನಮ್ಮ ನೆರೆಯ ಆಂಧ್ರದ ಕಡಪ ಸೀಮೆಯ ಜೆರ್ಡಾನ್ಸ್ ಕೋರ್ಸರ್, ತೆಲುಗಿನಲ್ಲಿ ಕಲಿವಿಕೋಡಿ. 1848ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಅದು 1900ರ ನಂತರ ಯಾರ ಕಣ್ಣಿಗೂ ಬೀಳದೆ ಅಳಿದೇ ಹೋಯಿತು ಎಂದು ಬರೆದಿಟ್ಟಿದ್ದರು. 1986ರ ಜನವರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹುಡುಕಾಟದಲ್ಲಿ ಮತ್ತೆ ಸಿಕ್ಕಿತು. ಇಲ್ಲಿಯೂ ಹಕ್ಕಿಯನ್ನು ಹಿಡಿದು ತಂದು ತೋರಿಸಿದ್ದು ಆ ಊರಿನ ಬೇಟೆಗಾರ. ಆಮೇಲಿನ ವರ್ಷಗಳಲ್ಲಿ ಅದನ್ನು ಕಣ್ಣಿನಿಂದ ಹುಡುಕುವ ಆಸೆ ಬಿಟ್ಟು, ಕುರುಚಲು ಗಿಡಗಳ ನಡುವೆ ನುಣ್ಣಗಿನ ಮಣ್ಣಿನ ಪಟ್ಟಿಗಳನ್ನು ಹಾಸಿ, ಬೆಳಿಗ್ಗೆ ಅದರ ಮೇಲೆ ಮೂರು ಬೆರಳಿನ ಹೆಜ್ಜೆ ಮೂಡಿದೆಯೇ ಎಂದು ನೋಡುವ ಕ್ರಮ ಬಂತು. ಇರುಳಿನಲ್ಲಿ ಓಡಾಡುವ ಹಕ್ಕಿಯನ್ನು ಅದರ ಕಾಲಿನ ಗುರುತಿನಿಂದ ಹಿಡಿಯುವ ಉಪಾಯ.

ಇಷ್ಟು ಚೆನ್ನಾಗಿ ಅಡಗಬಲ್ಲ ಹಕ್ಕಿಗೆ ಅದರಿಂದಲೇ ಒಂದು ಕಷ್ಟ ಬಂದಿದೆ, ಅದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಕಣ್ಣಿಗೆ ಬೀಳದ ಹಕ್ಕಿ ಇರುವ ಬಯಲು ನಮಗೆ ಖಾಲಿ ಬಯಲಾಗಿ ಕಾಣುತ್ತದೆ. ನಮ್ಮ ದೇಶದಲ್ಲಿ ಸರ್ಕಾರದ ನಕ್ಷೆಗಳು ಇಂಥ ಹುಲ್ಲುಬಯಲುಗಳಲ್ಲಿ ಬಹಳಷ್ಟನ್ನು ಪಾಳುಭೂಮಿ ಎಂಬ ಪಟ್ಟಿಗೆ ಸೇರಿಸಿವೆ. ಆಫ್ರಿಕಾದಲ್ಲಿ 2015ರಲ್ಲಿ ಆರಂಭವಾದ ಒಂದು ದೊಡ್ಡ ಯೋಜನೆ 2030ರೊಳಗೆ 10 ಕೋಟಿ ಹೆಕ್ಟೇರ್ ನೆಲವನ್ನು ಪುನಶ್ಚೇತನಗೊಳಿಸುವ ಗುರಿ ಇಟ್ಟುಕೊಂಡಿದೆ. ಉದ್ದೇಶ ಒಳ್ಳೆಯದೇ. ಆದರೆ ಎಂದೂ ಕಾಡಾಗಿರದ ಹುಲ್ಲುಗಾವಲುಗಳನ್ನು ಕೆಟ್ಟ ಕಾಡು ಎಂದು ತಪ್ಪಾಗಿ ಎಣಿಸಿ ಅಲ್ಲಿ ಮರ ನೆಡುವ ಅಪಾಯವನ್ನು ಹುಲ್ಲುಗಾವಲಿನ ತಜ್ಞರು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. ಕೋರ್ಸರ್ ಬದುಕಿರುವುದು ಶತ್ರುವನ್ನು ದೂರದಲ್ಲೇ ಕಾಣಬಲ್ಲದು ಎಂಬ ಒಂದೇ ಬಲದ ಮೇಲೆ. ಸಾಲು ಮರಗಳು ನಿಂತರೆ ಆ ನೋಟ ಮುಚ್ಚಿತು. ಬೆಂಕಿಯನ್ನು ಪೂರ್ತಿ ತಡೆದರೆ ಕರಿ ನೆಲ ಹೋಯಿತು. ಕರಿ ಮೊಟ್ಟೆ ಹೊಂಬಣ್ಣದ ಹುಲ್ಲಿನ ಮೇಲೆ ಬಿದ್ದರೆ ಮುಂಗುಸಿಗೆ ಹುಡುಕುವ ಶ್ರಮವೂ ಬೇಡ. ಹಕ್ಕಿಗೆ ಜಾಗ ಆರಿಸುವ ಜಾಣ್ಮೆ ಇದೆ ಎಂದು ಇಷ್ಟು ಹೊತ್ತು ಹೇಳಿದೆ. ಆರಿಸಲು ಜಾಗಗಳು ಉಳಿದಿದ್ದರೆ ತಾನೇ ಆ ಜಾಣ್ಮೆ ಕೆಲಸಕ್ಕೆ ಬರುವುದು?

ಹಾಗೆಂದು ಬೆಂಕಿ ಎಲ್ಲ ಕಡೆ, ಎಲ್ಲ ಕಾಲದಲ್ಲಿ ಒಳ್ಳೆಯದು ಎಂದು ದಯವಿಟ್ಟು ತೆಗೆದುಕೊಳ್ಳಬೇಡಿ. ಹುಲ್ಲಿನ ಮರೆಯಲ್ಲಿ ಗೂಡು ಮಾಡುವ ಹಕ್ಕಿಗಳಿಗೆ ಅದೇ ಬೆಂಕಿ ಸಾವು. ಬಯಲನ್ನು ತುಂಡು ತುಂಡಾಗಿ, ಬೇರೆ ಬೇರೆ ಸಮಯಕ್ಕೆ ಸುಡುವ ಪದ್ಧತಿ ಆಫ್ರಿಕಾದ ಹಲವು ರಾಷ್ಟ್ರೀಯ ಉದ್ಯಾನಗಳಲ್ಲಿ ಇದೆ. ಕರಿ ನೆಲ, ಚಿಗುರು, ಎತ್ತರದ ಹುಲ್ಲು ಎಲ್ಲವೂ ಒಂದೇ ಸೀಮೆಯಲ್ಲಿ ಅಕ್ಕಪಕ್ಕ ಇರುತ್ತವೆ. ನನಗೆ ಅದು ಸರಿಯಾದ ದಾರಿ ಎನಿಸುತ್ತದೆ.

ಸಮುದ್ರದ ದಡದಲ್ಲಿ ಮೊಟ್ಟೆ ಇಟ್ಟ ಟಿಟ್ಟಿಭದ ಕಥೆ ನಿಮಗೆಲ್ಲ ಗೊತ್ತು. ಅಲೆ ಬಂದು ಮೊಟ್ಟೆಗಳನ್ನು ಹೊತ್ತೊಯ್ದಾಗ ಆ ದಂಪತಿ ಸಮುದ್ರದೊಂದಿಗೇ ಜಗಳಕ್ಕೆ ನಿಲ್ಲುತ್ತಾರೆ. ಬರಿ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಯ ದಿಟ್ಟತನವನ್ನು ನಮ್ಮ ಹಿರಿಯರು ಎಂದೋ ಕಂಡಿದ್ದರು ಎನ್ನುವುದಕ್ಕೆ ಆ ಕಥೆಯೇ ಸಾಕ್ಷಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದಕ್ಕೆ ಇಲ್ಲಿಯೂ ಉತ್ತರಿಸಬೇಕು. ಬಯಲಿನಲ್ಲಿ ನಡೆಯುವಾಗ ಇಂಥ ಗೂಡು ಕಂಡರೆ ಏನು ಮಾಡಬೇಕು ಎಂದು ಒಬ್ಬರು ಕೇಳಿದರು. ನಿಲ್ಲಬೇಡಿ. ನಡಿಗೆಯ ವೇಗ ಬದಲಾಯಿಸದೆ ದಾಟಿ ಹೋಗಿ. ಮೊಟ್ಟೆಯ ಸುತ್ತ ಕಲ್ಲು ಜೋಡಿಸಿ, ಕಡ್ಡಿ ನೆಟ್ಟು ಗುರುತು ಮಾಡಬೇಡಿ. ಕಾಗೆಗಳು ಅದನ್ನು ನೋಡುತ್ತಿರುತ್ತವೆ. ಫೋಟೊ ತೆಗೆಯಲೇಬೇಕೆಂದಿದ್ದರೆ ದೂರದಿಂದ, ಬೆಳಗಿನ ತಂಪಿನಲ್ಲಿ ತೆಗೆಯಿರಿ. ಹನ್ನೊಂದರಿಂದ ಮೂರು ಗಂಟೆಯವರೆಗೆ ಹತ್ತಿರಕ್ಕೂ ಹೋಗಬೇಡಿ. ನೀವು ನಿಂತಷ್ಟು ಹೊತ್ತು ಹಕ್ಕಿ ದೂರ ನಿಂತಿರುತ್ತದೆ, ಮೊಟ್ಟೆ ಬಿಸಿಲಿನಲ್ಲಿರುತ್ತದೆ.